ಮಗುವಿಗೆ ಕೇಳಿಸುತ್ತದೆ, ಬೆರಾ ವರದಿ ‘ಇಲ್ಲ’ ಎನ್ನುತ್ತದೆ: ಮುಂದೇನು?

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಿಂದ ಮಗಳನ್ನು ಬೆಂಗಳೂರಿಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದ್ದೀರಿ ಎನ್ನಿ. ಆಡಿಯೋಗ್ರಾಂ ಪ್ರಕಾರ ಕೊರತೆ ಅಲ್ಪ. ನರದ ಮಿಡಿತವನ್ನು ಅಲೆಗಳಾಗಿ ದಾಖಲಿಸುವ ಬೆರಾ ಪರೀಕ್ಷೆಯ ವರದಿಯಲ್ಲಿ ಮಾತ್ರ ಎರಡೂ ಕಿವಿಗೆ ಅಲೆಗಳೇ ಇಲ್ಲ. ಕರೆದರೆ ಹುಡುಗಿ ತಿರುಗುತ್ತಾಳೆ. ಬಸ್ಸಿನಲ್ಲಿ, ಗದ್ದಲದ ತರಗತಿಯಲ್ಲಿ ಆಡಿದ ಮಾತು ತಿಳಿಯುವುದಿಲ್ಲ. ನಾಟಕ ಆಡುತ್ತಿದ್ದಾಳೆಂದು ದಯವಿಟ್ಟು ಗದರಬೇಡಿ. ಎರಡೂ ವರದಿ ನಿಜವಿರಬಹುದು.

ಬೆರಾ ಅಳೆಯುವುದು ಕೇಳುವ ಶಕ್ತಿಯನ್ನಲ್ಲ. ಶಬ್ದ ಕೊಟ್ಟ ಸುಮಾರು 10 ಮಿಲಿಸೆಕೆಂಡಿನೊಳಗೆ ಶ್ರವಣ ನರ ಮತ್ತು ಮಿದುಳಕಾಂಡದ ನರತಂತುಗಳು ಒಟ್ಟಿಗೆ ಮಿಡಿದವೇ ಎಂಬುದನ್ನು ಅದು ನೋಡುತ್ತದೆ. ಕೋಲಾಟದಲ್ಲಿ ಒಬ್ಬೊಬ್ಬರು ಒಂದೊಂದು ಕ್ಷಣಕ್ಕೆ ಕೋಲು ಹೊಡೆದರೆ ಸದ್ದಿರುತ್ತದೆ, ತಾಳ ಇರುವುದಿಲ್ಲ, ಇಲ್ಲಿಯೂ ಹಾಗೆಯೇ. ಇದೇ ಆಡಿಟರಿ ನ್ಯೂರೋಪಥಿ. 1996ರಲ್ಲಿ ಅರ್ನಾಲ್ಡ್ ಸ್ಟಾರ್ ಮತ್ತು ಸಂಗಡಿಗರು ಆ ಹೆಸರು ಕೊಟ್ಟರು. ನರಸಂಬಂಧಿ ಶ್ರವಣದೋಷವಿರುವ 183 ಜನರಲ್ಲಿ ಒಬ್ಬರಿಗೆ ಇದಿದೆ ಎಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಸಂಶೋಧಕರು 2006ರಲ್ಲಿ ವರದಿ ಮಾಡಿದರು. ನಮ್ಮಲ್ಲಿ ಹಲವರಿಗೆ ಇದು ಹದಿಹರೆಯದಲ್ಲೇ ಶುರುವಾಗುತ್ತದೆ.

ಮೊದಲು ಆಡಿಯಾಲಜಿಸ್ಟ್ ಬಳಿ ಓಎಇ (ಒಳಗಿವಿಯೇ ಹೊರಡಿಸುವ ಸಣ್ಣ ಸದ್ದನ್ನು ಅಳೆಯುವ) ಪರೀಕ್ಷೆ ಕೇಳಿ. ಬೆರಾ ಅಲೆ ಇಲ್ಲದೆ ಓಎಇ ಬಂದರೆ, ಒಳಗಿವಿಯ ಹೊರ ರೋಮಕೋಶಗಳು ಕೆಲಸ ಮಾಡುತ್ತಿವೆ, ತೊಡಕು ಅದರಾಚೆ ಇದೆ ಎಂದರ್ಥ. ಓಎಇ ಬರಲಿಲ್ಲವೆಂದು ಸಂಶಯ ಬಿಡಬೇಡಿ: ನಡುಗಿವಿಯಲ್ಲಿ ನೀರಿದ್ದರೂ ಅದು ಬರುವುದಿಲ್ಲ, ಕೆಲವರಲ್ಲಿ ವರ್ಷ ಕಳೆದಂತೆ ಮಾಯವಾಗುತ್ತದೆ. ಆದ್ದರಿಂದ ನಡುಗಿವಿಯ ಸ್ಥಿತಿ ತಿಳಿಸುವ ಟಿಂಪನೋಮೆಟ್ರಿ, ದೊಡ್ಡ ಸದ್ದಿಗೆ ನಡುಗಿವಿಯ ಸ್ನಾಯು ಬಿಗಿಯುತ್ತದೆಯೇ ಎಂದು ನೋಡುವ ರಿಫ್ಲೆಕ್ಸ್ ಪರೀಕ್ಷೆಯೂ ಆಗಲಿ. ರೋಮಕೋಶಗಳ ವಿದ್ಯುತ್ ಸಂಕೇತವಾದ ಕಾಕ್ಲಿಯರ್ ಮೈಕ್ರೋಫೋನಿಕ್ ನೋಡಿದಿರಾ ಎಂದೂ ಕೇಳಿ.

ಬೆರಾಕ್ಕೆ ಕ್ಲಿಕ್ ಶಬ್ದ ಬಳಸಿದ್ದರೆ ಅದು ಮುಖ್ಯವಾಗಿ 2000ರಿಂದ 4000 ಹರ್ಟ್ಸ್ ಭಾಗವನ್ನು ತಟ್ಟುತ್ತದೆ. ಕೆಳಸ್ಥಾಯಿಯ ಕೇಳುವಿಕೆ ಉಳಿದಿದ್ದರೂ ಅಲೆ ಕಾಣದಿರಬಹುದು; ಒಂದೊಂದು ಸ್ಥಾಯಿಯನ್ನು ಬೇರೆಬೇರೆಯಾಗಿ ನೋಡುವ ಟೋನ್ ಬರ್ಸ್ಟ್ ಬೆರಾ ಮಾಡಿಸಿ. ಗದ್ದಲದ ನಡುವೆ ಮಾತು ಗುರುತಿಸುವ ಪರೀಕ್ಷೆಯನ್ನಂತೂ ಬಿಡಲೇಬೇಡಿ, ಮಗಳ ನಿಜವಾದ ಕಷ್ಟ ಕಾಣುವುದು ಅಲ್ಲೇ.

ತಿಂಗಳು ತುಂಬದೆ ಹುಟ್ಟಿದ, ತೀವ್ರ ಕಾಮಾಲೆಯಾದ ಕೂಸಿನ ವಿಷಯ ಬೇರೆ. ನರ ಇನ್ನೂ ಬಲಿಯುತ್ತಿರುವುದರಿಂದ ಅಲೆಗಳು ತಡವಾಗಿ ಬರಬಹುದು. ಒಂದೇ ಬೆರಾ ನಂಬಿ ಶ್ರವಣ ಸಾಧನದ ಮಟ್ಟ ನಿರ್ಧರಿಸುವುದೂ ಕಾಕ್ಲಿಯರ್ ಇಂಪ್ಲಾಂಟ್‌ಗೆ ಒಪ್ಪುವುದೂ ಸರಿಯಲ್ಲ. ಹಾಗೆಂದು ಸುಮ್ಮನೆ ಕಾಯಲೂಬೇಡಿ: ಕೂಸಿಗೆ ಸುಮಾರು 6 ತಿಂಗಳಾದ ಮೇಲೆ ಅದರ ಪ್ರತಿಕ್ರಿಯೆ ನೋಡಿ ಮಾಡುವ ಪರೀಕ್ಷೆ ಸಾಧ್ಯ.

ಒಂದೇ ಕಿವಿಯಲ್ಲಿ ಬೆರಾದ ಐದನೇ ಅಲೆ ತಡವಾಗಿದ್ದು, ಕೇಳುವಿಕೆ ಚೆನ್ನಾಗಿದ್ದರೆ ಎಂಆರ್‌ಐ ಬಗ್ಗೆ ಇಎನ್‌ಟಿ ವೈದ್ಯರನ್ನು ಕೇಳಿ. ನರದ ಮೇಲಿನ ಗಡ್ಡೆ ಹೀಗೂ ಕಾಣಿಸಿಕೊಳ್ಳುತ್ತದೆ.

ನಿಮ್ಹಾನ್ಸ್‌ಗೋ ಮೈಸೂರಿನ ಸಂಸ್ಥೆಗೋ ಹೋಗುವಾಗ ವರದಿಯ ಕೊನೆಯ ಸಾಲಷ್ಟೇ ಸಾಲದು. ಅಲೆಗಳ ಚಿತ್ರವಿರುವ ಹಾಳೆಗಳನ್ನು ಕೇಳಿ ಪಡೆದು, ತಾರೀಖಿನ ಕ್ರಮದಲ್ಲಿ ಜೋಡಿಸಿ ಒಯ್ಯಿರಿ.