ಎರಡು ತುಂಬಿತು, ಮಾತು ಬರಲಿಲ್ಲ

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ಎರಡು ತಿಂಗಳು. ‘ಅಮ್ಮ’, ‘ತಾ’, ‘ಜೀಜಿ’ ಬಿಟ್ಟರೆ ಬೇರೆ ಮಾತಿಲ್ಲ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಊಟಕ್ಕೆ ಮೊಬೈಲ್ ಬೇಕೇ ಬೇಕು. ಕಿವಿ ಚೆನ್ನಾಗಿದೆ, ಚಪ್ಪಾಳೆ ತಟ್ಟಿದರೆ ತಿರುಗಿ ನೋಡುತ್ತಾನೆ. ‘ಅವರಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು, ಸುಮ್ಮನೆ ಆಸ್ಪತ್ರೆ ಸುತ್ತಬೇಡ’ ಅಂತಾರೆ ನಮ್ಮತ್ತೆ. ಇನ್ನೂ ಸ್ವಲ್ಪ ದಿನ ಕಾಯಬಹುದಾ ಡಾಕ್ಟ್ರೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಕಾಯಬೇಡಿ ತಾಯಿ. ಈ ವಾರವೇ ತೋರಿಸಿ.

ನಿಮ್ಮತ್ತೆಯವರ ಮಾತಿನಲ್ಲಿ ನಿಜವಿಲ್ಲದೆ ಇಲ್ಲ. ಮಾತು ತಡವಾಗುವುದು ಕೆಲವು ಮನೆತನಗಳಲ್ಲಿ ಇರುತ್ತದೆ, ಗಂಡುಮಕ್ಕಳಲ್ಲಿ ತುಸು ಹೆಚ್ಚು. ಬೇರೇನೂ ತೊಂದರೆಯಿಲ್ಲದೆ ಮಾತು ಮಾತ್ರ ತಡವಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಶಾಲೆಗೆ ಸೇರುವ ಹೊತ್ತಿಗೆ ಸರಿಹೋಗುತ್ತಾರೆ. ಆದರೆ ನಿಮ್ಮ ಮಗ ಆ ಗುಂಪಿನವನೇ ಎಂದು ಪರೀಕ್ಷೆ ಮಾಡದೆ ಹೇಳಲು ಯಾರಿಂದಲೂ ಆಗದು. ಅವನಿಗೆ ಕಿವಿ ಸರಿಯಾಗಿ ಕೇಳದಿದ್ದರೆ? ಮೊದಲ ಮೂರು ವರ್ಷ ಮೆದುಳು ಮಾತನ್ನು ಹೀರಿಕೊಳ್ಳುವಷ್ಟು ಸಲೀಸಾಗಿ ಮುಂದೆಂದೂ ಹೀರಿಕೊಳ್ಳುವುದಿಲ್ಲ. ಬೇಗ ತೋರಿಸಿ ಏನೂ ಇಲ್ಲವೆಂದು ಗೊತ್ತಾದರೆ ಒಂದು ದಿನದ ಓಡಾಟ ವ್ಯರ್ಥವಾದೀತು, ಅಷ್ಟೆ.

ಸಾಮಾನ್ಯವಾಗಿ ಮಕ್ಕಳು ವರ್ಷ ತುಂಬುವ ಆಸುಪಾಸಿನಲ್ಲಿ ಮೊದಲ ಪದ ಆಡುತ್ತಾರೆ. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ ‘ಅಪ್ಪ ಬಾ’, ‘ಹಾಲು ಬೇಡ’ ಎಂಬಂಥ ಎರಡು ಪದಗಳ ಜೋಡಣೆ ಬಂದಿರಬೇಕು. ಪದಗಳನ್ನು ಎಣಿಸುವಾಗ ಕಂಜೂಸ್ ಆಗಬೇಡಿ. ನೀರಿಗೆ ಯಾವಾಗಲೂ ‘ಜೀಜಿ’, ನಾಯಿಗೆ ಯಾವಾಗಲೂ ‘ಬೌ ಬೌ’ ಎಂದರೆ ಅವೂ ಪದಗಳೇ. ಹಾಗೆ ಲೆಕ್ಕ ಹಾಕಿದರೂ ನಿಮ್ಮ ಮಗ ಹಿಂದಿದ್ದಾನೆ.

ಇನ್ನು ಚಪ್ಪಾಳೆಯ ವಿಷಯ. ಇದನ್ನು ನಂಬಿಕೊಂಡು ಎಷ್ಟೋ ಮನೆಗಳಲ್ಲಿ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ, ಅದಕ್ಕೇ ಒತ್ತಿ ಹೇಳುತ್ತೇನೆ. ಬಾಗಿಲು ದಡಾರೆಂದಾಗ, ತಟ್ಟೆ ಬಿದ್ದಾಗ ತಿರುಗುವ ಮಗುವಿಗೂ ಮಾತು ಪೂರ್ತಿ ಕೇಳದೇ ಇರಬಹುದು. ಸ, ಶ, ತ, ಕ ಇಂಥ ಸದ್ದುಗಳು ಮೆಲು, ಸ್ವರವೂ ಮೇಲು. ಆ ಮಟ್ಟದಲ್ಲಷ್ಟೇ ಶ್ರವಣದೋಷವಿದ್ದರೆ ಮಗುವಿಗೆ ನೀವು ಕರೆದದ್ದು ಕೇಳುತ್ತದೆ, ಏನೆಂದಿರಿ ಎಂಬುದು ಕಲಸಿಹೋಗುತ್ತದೆ. ಪದೇಪದೇ ನೆಗಡಿಯಾಗಿ ಕಿವಿಯ ತಮಟೆಯ ಹಿಂದೆ ನೀರು ನಿಂತರೂ ಹೀಗಾಗಬಹುದು. ಅವಧಿಗೆ ಮುನ್ನ ಹುಟ್ಟಿದವರು, ಹುಟ್ಟಿದಾಗ ತೀವ್ರ ಕಾಮಾಲೆಯಾಗಿದ್ದವರು, ಐಸಿಯುನಲ್ಲಿ ಇದ್ದವರು, ಸೋದರಸಂಬಂಧದಲ್ಲಿ ಮದುವೆಯಾದವರ ಮಕ್ಕಳು ಇವರಲ್ಲಿ ಶ್ರವಣದೋಷದ ಸಂಭವ ಹೆಚ್ಚು.

ಪರೀಕ್ಷೆಗೆ ಹೆದರಬೇಡಿ. ಒಎಇ ಎಂಬುದರಲ್ಲಿ ಕಿವಿಯೊಳಗೆ ಸಣ್ಣ ಬಿರಡೆಯಿಟ್ಟು ಕೆಲವೇ ನಿಮಿಷಗಳಲ್ಲಿ ನೋಡುತ್ತಾರೆ. ಬೆರಾ ಪರೀಕ್ಷೆಗೆ ಮಗು ನಿದ್ದೆ ಮಾಡಬೇಕು. ಹಣೆಗೆ, ಕಿವಿಯ ಹಿಂದೆ ಪಟ್ಟಿ ಅಂಟಿಸಿ, ಕಿವಿಗೆ ಟಿಕ್ ಟಿಕ್ ಸದ್ದು ಬಿಟ್ಟು, ಅದು ನರದ ಮೂಲಕ ಮೆದುಳಿನ ಬುಡ ಮುಟ್ಟುತ್ತದೆಯೇ ಎಂದು ಕಂಪ್ಯೂಟರಿನಲ್ಲಿ ಅಲೆಗಳನ್ನು ನೋಡುತ್ತಾರೆ. ನೋವಿಲ್ಲ. ಆ ದಿನ ಅವನನ್ನು ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡಬೇಡಿ, ಅಲ್ಲಿಗೆ ಹೋದ ಮೇಲೆ ಹೊಟ್ಟೆ ತುಂಬಿಸಿ ಮಲಗಿಸಿ. ನಿದ್ದೆಗೆ ಔಷಧಿ ಕೊಡಬೇಕಾಗಬಹುದು ಎಂದು ಮೊದಲೇ ಹೇಳಿದ್ದರೆ ಮಾತ್ರ ಊಟದ ಬಗ್ಗೆ ಅವರನ್ನೇ ಕೇಳಿ.

ಕೈ ಹಿಡಿದು ಎಳೆಯುತ್ತಾನೆ ಎಂದಿರಲ್ಲ, ಅದನ್ನು ಸ್ವಲ್ಪ ಗಮನಿಸಿ. ಎಳೆದುಕೊಂಡು ಹೋಗಿ ಬೆರಳು ಮಾಡಿ ತೋರಿಸಿ, ನಿಮ್ಮ ಮುಖ ನೋಡುತ್ತಾನೆಯೇ? ಆಕಾಶದಲ್ಲಿ ವಿಮಾನ ಕಂಡರೆ ‘ನೀನೂ ನೋಡು’ ಎಂಬಂತೆ ತೋರಿಸುತ್ತಾನೆಯೇ? ಹೆಸರು ಕರೆದರೆ ತಿರುಗುತ್ತಾನೆಯೇ? ಹಾಗೆ ಮಾಡುತ್ತಿದ್ದರೆ ಒಳ್ಳೆಯ ಲಕ್ಷಣ. ಕಣ್ಣು ಕೂಡಿಸದೆ ನಿಮ್ಮ ಕೈಯನ್ನು ವಸ್ತುವಿನ ಮೇಲಿಟ್ಟು ಸುಮ್ಮನಿದ್ದರೆ ಆಟಿಸಂ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಆ ಹೆಸರು ಕೇಳಿ ಕುಸಿಯಬೇಡಿ. ಎರಡನೇ ವರ್ಷದಲ್ಲೇ ಗೊತ್ತಾದರೆ ಮಾಡಬಹುದಾದದ್ದು ಬೇಕಾದಷ್ಟಿದೆ. ಬಂದಿದ್ದ ಮಾತು ನಿಂತುಹೋದರಂತೂ ಯಾವ ವಯಸ್ಸಿನಲ್ಲೇ ಆಗಲಿ, ಒಂದು ದಿನವೂ ತಡಮಾಡಬೇಡಿ.

ಮೊಬೈಲನ್ನು ಊಟದಿಂದ ತೆಗೆದುಬಿಡಿ. ಎರಡು ವರ್ಷದೊಳಗೆ ಪರದೆ ಬೇಡವೇ ಬೇಡ, ಆಮೇಲೆ ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಎಂಬುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. ಮೊಬೈಲಿನ ಹಾಡು ಮಗುವಿನ ಕಡೆ ಮಾತು ಎಸೆಯುತ್ತದೆ, ಮಗು ಏನೆಂದಿತೆಂದು ಕಾಯುವುದಿಲ್ಲ. ಮೂರ್ನಾಲ್ಕು ದಿನ ರಂಪ ಮಾಡುತ್ತಾನೆ, ಕಡಿಮೆ ತಿನ್ನುತ್ತಾನೆ. ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಿ.

ಆ ಹೊತ್ತಿಗೆ ನಿಮ್ಮ ದನಿ ಬರಲಿ. ಸ್ನಾನ ಮಾಡಿಸುವಾಗ ‘ನೀರು ಬಿಸಿ, ಕೈ ಕೊಡು, ಈಗ ಕಾಲು’ ಎನ್ನಿ. ಅವನು ‘ಬಸ್’ ಅಂದರೆ ‘ಹೌದು, ಕೆಂಪು ಬಸ್ ಬಂತು’ ಎಂದು ಒಂದು ಪದ ಸೇರಿಸಿ. ಬಿಸ್ಕತ್ತಿನ ಡಬ್ಬಿಯನ್ನು ಅವನ ಕಣ್ಣಿಗೆ ಕಾಣುವ, ಕೈಗೆ ಸಿಗದ ಜಾಗದಲ್ಲಿಟ್ಟು, ಕೇಳಲು ಒಂದಿಷ್ಟು ಸಮಯ ಕೊಡಿ. ‘ಹೇಳು, ಹೇಳು, ಹೇಳಿದರೇ ಕೊಡೋದು’ ಎಂದು ಸತಾಯಿಸಬೇಡಿ. ಸದ್ದು, ಸನ್ನೆ ಏನು ಬಂದರೂ ಕೊಟ್ಟು, ಪದವನ್ನು ನೀವೇ ಹೇಳಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದ ಮೇಲೆ ಇಂಥ ಮಕ್ಕಳ ತಪಾಸಣೆಗೆ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಕೇಂದ್ರಗಳು ಬಂದಿವೆ, ಖರ್ಚಿಲ್ಲ. ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಿಚಾರಿಸಿ. ಅಂಗನವಾಡಿ ಕಾರ್ಯಕರ್ತೆಯೂ ದಾರಿ ತೋರಿಸುತ್ತಾರೆ. ಹೆಚ್ಚಿನ ಪರೀಕ್ಷೆ, ತರಬೇತಿ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇದೇ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ತರಬೇತಿ ಕನ್ನಡದಲ್ಲೇ ಸಿಗುತ್ತದೆ.

ಪ್ರಶ್ನೆ: ನಾನು ಮಗಳೊಂದಿಗೆ ಕನ್ನಡ, ನನ್ನ ಪತಿ ತುಳು ಮಾತಾಡುತ್ತೇವೆ. ಮೂರರ ಹತ್ತಿರ ಬಂದರೂ ವಾಕ್ಯ ಬಂದಿಲ್ಲ. ಪ್ಲೇಸ್ಕೂಲಿನವರು ಮನೆಯಲ್ಲಿ ಇಂಗ್ಲಿಷ್ ಒಂದೇ ಸಾಕು ಅಂತಿದ್ದಾರೆ.
– ಬೆಂಗಳೂರು

ಉತ್ತರ: ದಯವಿಟ್ಟು ಆ ಮಾತು ಕೇಳಬೇಡಿ. ಎರಡು ಭಾಷೆಯಿಂದ ಮಾತಿನ ದೋಷ ಬರುವುದಿಲ್ಲ. ಕನ್ನಡದ ಪದ, ತುಳುವಿನ ಪದ ಕೂಡಿಸಿ ಎಣಿಸಬೇಕು. ನಿಮಗೆ ಮುದ್ದು ಮಾಡಲು, ಗದರಲು, ಕಥೆ ಹೇಳಲು ಸಲೀಸಾದ ಭಾಷೆಯನ್ನೇ ಆಡಿ. ಹಾಗಂತ ತಡವಾದದ್ದನ್ನು ಎರಡು ಭಾಷೆಯ ಲೆಕ್ಕಕ್ಕೆ ಬರೆದು ಸುಮ್ಮನಿರುವುದೂ ತಪ್ಪು. ಈ ವಯಸ್ಸಿಗೆ ಮೂರು ಪದದ ವಾಕ್ಯ ಬರಬೇಕಿತ್ತು. ಶ್ರವಣ ಪರೀಕ್ಷೆ ಮಾಡಿಸಿ, ವಾಕ್ ತಜ್ಞರನ್ನು ಕಾಣಿ.

ಪ್ರಶ್ನೆ: ಮೊಮ್ಮಗಳಿಗೆ ಒಂದೂವರೆ ವರ್ಷ, ಏಳೆಂಟು ಮಾತಷ್ಟೇ ಬರುತ್ತದೆ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಬಹುದೇ? ನಾಲಿಗೆ ಕೆಳಗಿನ ಎಳೆ ಕತ್ತರಿಸಿದರೆ ಮಾತು ಬರುತ್ತದಂತೆ, ನಿಜವೇ?
– ಅಜ್ಜಿ, ಹಾಸನ

ಉತ್ತರ: ಅಜ್ಜಿ, ಬಜೆಯಿಂದ ಮಾತು ಬರುವುದಿಲ್ಲ, ಹೆಚ್ಚಾದರೆ ವಾಂತಿಯಾಗುತ್ತದೆ. ವರ್ಷದೊಳಗಿನ ಕೂಸಿಗಂತೂ ಜೇನು ಕೂಡದು, ಅಪರೂಪಕ್ಕಾದರೂ ಜೀವಕ್ಕೇ ಕುತ್ತು ತರುವ ಕಾಯಿಲೆ ಅದರಿಂದ ಬರಬಹುದು. ನಾಲಿಗೆಯ ಎಳೆ ಗಿಡ್ಡವಿದ್ದರೆ ಕೆಲವು ಅಕ್ಷರ ತೊದಲಬಹುದು, ಎದೆಹಾಲು ಕುಡಿಯಲು ಕಷ್ಟವಾಗಬಹುದು. ಪದಗಳೇ ಬಾರದಿರಲು ಅದು ಕಾರಣವಲ್ಲ. ‘ಚೆಂಡು ತಾ’ ಎಂದು ಕೈಸನ್ನೆ ಮಾಡದೆ ಹೇಳಿ ನೋಡಿ. ಅರ್ಥ ಮಾಡಿಕೊಂಡು ತಂದರೆ, ಬೆರಳು ಮಾಡಿ ತೋರಿಸುತ್ತಿದ್ದರೆ, ತಿಂಗಳಿಗೊಂದಿಷ್ಟು ಹೊಸ ಪದ ಸೇರುತ್ತಿದ್ದರೆ ಗಾಬರಿ ಬೇಡ. ಇಲ್ಲವಾದರೆ ಮುಂದಿನ ಲಸಿಕೆಯ ತನಕ ಕಾಯದೆ ಕಿವಿ ಪರೀಕ್ಷೆಗೆ ಕರೆದೊಯ್ಯಿರಿ.