ತಿರುಗಿ ತೆಗೆದು ನೋಡಿದೆಯಾ, ಮಗಾ?

ಹೋದ ತಿಂಗಳು ನ್ಯಾಮತಿಯಿಂದ ಒಬ್ಬ ಹುಡುಗ ಬಂದಿದ್ದ. ನನ್ನ ಸ್ನೇಹಿತನ ಮಗ, ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದಾನೆ. ಬೈಕ್ ನಿಲ್ಲಿಸಿದವನೇ ಎದೆಗೆ ಅವಚಿಕೊಂಡಿದ್ದ ಟವೆಲ್ ಗಂಟನ್ನು ನನ್ನ ಮೇಜಿನ ಮೇಲಿಟ್ಟು ಬಿಚ್ಚಿದ. ಒಳಗೆ ಕಪ್ಪು ಬಣ್ಣದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. "ದೊಡ್ಡಪ್ಪಾ, ಆರು ವರ್ಷದ ಮದುವೆಗಳೆಲ್ಲ ಇದರಲ್ಲೇ ಇವೆ. ನಿನ್ನೆ ಟೇಬಲ್ ಮೇಲಿಂದ ಬಿತ್ತು" ಎಂದ. ಕೇಬಲ್ ಚುಚ್ಚಿ ಕಿವಿ ಹತ್ತಿರ ತಂದೆ. ಟಿಕ್. ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಟಿಕ್. ಮೂರನೆಯ ಟಿಕ್ ಕೇಳುವುದರೊಳಗೆ ಕೇಬಲ್ ಕಿತ್ತುಬಿಟ್ಟೆ.

ಆ ಸದ್ದು ನಿನಗೂ ಗೊತ್ತಿರಬೇಕು ಮಗಾ, ಅದಕ್ಕೇ ಹೇಳುತ್ತೇನೆ. ಆ ಡಬ್ಬಿಯೊಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5400 ಸುತ್ತು, ಕೆಲವದರಲ್ಲಿ 7200 ಸುತ್ತು ತಿರುಗುತ್ತವೆ. ಓದುವ ಮುಳ್ಳು ತಟ್ಟೆಯನ್ನು ಮುಟ್ಟುವುದಿಲ್ಲ, ತಟ್ಟೆಯ ಜೊತೆ ಸುತ್ತುವ ಗಾಳಿಯ ಪದರದ ಮೇಲೆ ತೇಲುತ್ತದೆ. ಇವೆರಡರ ನಡುವಿನ ಸಂದು ಕೆಲವೇ ನ್ಯಾನೊಮೀಟರ್. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಆ ಸಂದಿಗೆ ಬಂಡೆ ಇದ್ದ ಹಾಗೆ. ಪೆಟ್ಟು ಬಿದ್ದ ಮುಳ್ಳು ದಾರಿ ಸಿಗದೆ ಹೋಗಿ ಹೋಗಿ ವಾಪಸ್ ಬರುತ್ತದಲ್ಲ, ಆ ಸದ್ದೇ ಟಿಕ್. ಪ್ರತಿ ಸಲ ಕರೆಂಟ್ ಕೊಟ್ಟಾಗಲೂ ಅದು ತಟ್ಟೆಯ ಮೇಲಿನ ಲೇಪವನ್ನು ಗೀರಬಹುದು. ಗೀರಿದ ಜಾಗದಲ್ಲಿದ್ದ ಫೋಟೊ ಮತ್ತೆ ಬರುವುದಿಲ್ಲ. ಈ ಹುಡುಗ ರಾತ್ರಿಯೆಲ್ಲ "ಇನ್ನೊಂದು ಸಲ, ಇನ್ನೊಂದೇ ಸಲ" ಎಂದು ಹಾಕಿ ತೆಗೆದು ಮಾಡಿದ್ದ. ಅವನನ್ನು ಬೈಯಲು ಬಾಯಿ ಬರಲಿಲ್ಲ. ನೀರಿಗೆ ಬಿದ್ದವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ನೀನು ಮಾತ್ರ ಹಾಗೆ ಮಾಡಬೇಡ. ಟಿಕ್ ಕೇಳಿದರೆ ಕೇಬಲ್ ಕಿತ್ತು ಎತ್ತಿಡು. ಸ್ಕ್ರೂ ಬಿಚ್ಚಬೇಡ, ಯಾರೋ ವಿಡಿಯೊದಲ್ಲಿ ಹೇಳಿದರು ಅಂತ ಫ್ರಿಜ್‌ನಲ್ಲಿ ಇಡಬೇಡ. ಧೂಳಿಲ್ಲದ ಕೋಣೆ ಇಟ್ಟುಕೊಂಡು ಈ ಕೆಲಸ ಮಾಡುವವರು ಬೆಂಗಳೂರಿನಲ್ಲಿದ್ದಾರೆ. ಆದರೆ ಅವರು ಕೇಳುವ ದುಡ್ಡು ಹೊಸ ಡಿಸ್ಕಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು, ಎಲ್ಲ ಸಿಗುತ್ತದೆ ಎಂಬ ಭರವಸೆಯೂ ಇಲ್ಲ.

"ಬ್ಯಾಕಪ್ ಇಲ್ವೇನಪ್ಪಾ?" ಎಂದು ಕೇಳಿದೆ. "ಇದೇ ಬ್ಯಾಕಪ್ ದೊಡ್ಡಪ್ಪಾ. ಲ್ಯಾಪ್‌ಟಾಪಲ್ಲಿ ಜಾಗ ಸಾಲಲ್ಲ ಅಂತ ಇದಕ್ಕೆ ಹಾಕಿ ಅಲ್ಲಿ ಡಿಲೀಟ್ ಮಾಡ್ತಿದ್ದೆ" ಎಂದ.

ಚನ್ನಗಿರಿಯಲ್ಲಿ ಇಪ್ಪತ್ತೆಂಟು ವರ್ಷ ಡಿಟಿಪಿ ಅಂಗಡಿ ನಡೆಸಿದವನು ನಾನು. ಲಗ್ನಪತ್ರಿಕೆ, ಅಡಿಕೆ ಮಂಡಿಯ ಬಿಲ್ ಪುಸ್ತಕ, ಸೊಸೈಟಿಯ ವಾರ್ಷಿಕ ವರದಿ, ಜಾತ್ರೆಯ ಕರಪತ್ರ ಎಲ್ಲ ಮಾಡಿದ್ದೇನೆ. ಈಗ ಹೊನ್ನಾಳಿ, ನ್ಯಾಮತಿ, ಜಗಳೂರು, ನಮ್ಮ ಚನ್ನಗಿರಿ, ಎಲ್ಲಿ ನೋಡಿದರೂ ಕಂಪ್ಯೂಟರ್ ಮುಂದೆ ಕೂತವರು ನನ್ನ ಮಕ್ಕಳ ವಯಸ್ಸಿನವರು. ಕೈ ನನಗಿಂತ ಚುರುಕು, ಕಲಿಕೆ ನನಗಿಂತ ಹೆಚ್ಚು. ಆದರೂ ಈ ಹುಡುಗ ಹೇಳಿದ ಮಾತನ್ನೇ ನಾಲ್ಕೂ ಊರಲ್ಲಿ ಕೇಳಿದ್ದೇನೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ್ದು ಬ್ಯಾಕಪ್ ಅಲ್ಲ, ಬರೀ ಸಾಗಣೆ. ಎರಡು ಕಡೆ ಇದ್ದರೆ ಮಾತ್ರ ಒಂದನ್ನು ಇನ್ನೊಂದರ ನಕಲು ಅನ್ನಬಹುದು.

ಇದರ ಅಣ್ಣನಂಥ ತಪ್ಪು ಇನ್ನೊಂದಿದೆ: "ಡಿ ಡ್ರೈವ್‌ನಲ್ಲಿ ಹಾಕಿದ್ದೀನಿ, ಏನೂ ಆಗಲ್ಲ." ವಿಂಡೋಸ್ ಕೆಟ್ಟು ಸಿ ಡ್ರೈವ್ ಫಾರ್ಮ್ಯಾಟ್ ಹೊಡೆಸಿದಾಗ ಡಿ ಉಳಿಯುತ್ತದೆ, ನಿಜ. ಅದನ್ನು ನೋಡಿ ಜನಕ್ಕೆ ಆ ನಂಬಿಕೆ ಬಂದಿದೆ. ಆದರೆ ಹೆಚ್ಚಿನ ಕಂಪ್ಯೂಟರುಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ. ಒಂದೇ ಮನೆಯ ನಡುಮನೆ, ಅಡುಗೆಮನೆ ಇದ್ದ ಹಾಗೆ. ಮನೆ ಬಿದ್ದರೆ ಎರಡೂ ಬೀಳುತ್ತವೆ. ಗೂಗಲ್ ಡ್ರೈವ್‌ನಲ್ಲಿ ಇದೆ ಎನ್ನುವವರಿಗೂ ಒಂದು ಮಾತು. ಅಲ್ಲಿಗೆ ತಾನಾಗಿ ಹೋಗುವ ಫೋಲ್ಡರ್‌ನಲ್ಲಿ ನೀನು ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಮೂವತ್ತು ದಿನ ಇರುತ್ತದೆ, ಆಮೇಲೆ ಇಲ್ಲ.

ಹಾಗಾದರೆ ಎಷ್ಟು ನಕಲು ಬೇಕು? ಈ ಕೆಲಸ ಬಲ್ಲವರು ಮೂರು ಎನ್ನುತ್ತಾರೆ. ಕೆಲಸ ಮಾಡುವ ಫೈಲ್ ಒಂದು, ಬೇರೆ ಬೇರೆ ಬಗೆಯ ಜಾಗದಲ್ಲಿ ಅದರ ನಕಲು ಎರಡು, ಆ ಎರಡರಲ್ಲಿ ಒಂದು ಊರಾಚೆ. ಊರಾಚೆ ಎಂಬ ಮಾತನ್ನು ಬಹಳ ಜನ ತೇಲಿಸಿಬಿಡುತ್ತಾರೆ. ಹೊನ್ನಾಳಿಯವರಿಗೆ ನಾನು ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಜನೂರಿನಿಂದ ತುಂಗೆ, ಲಕ್ಕವಳ್ಳಿಯಿಂದ ಭದ್ರೆ ತುಂಬಿ ಬಂದು ಕೂಡ್ಲಿಯಲ್ಲಿ ಒಂದಾಗಿ ಹೊನ್ನಾಳಿ ಮುಟ್ಟುವಾಗ ನದಿ ಹೇಗಿರುತ್ತದೆ ಎಂದು ದಡದ ಮನೆಯವರಿಗೆ ಗೊತ್ತು. 2019ರ ಆಗಸ್ಟ್‌ನಲ್ಲಿ ತಗ್ಗಿನ ಮನೆಗಳಿಗೆ ನೀರು ನುಗ್ಗಿತಲ್ಲ, ಆಗ ನನ್ನ ಪರಿಚಯದ ಒಬ್ಬ ತಾಯಿ ಮಕ್ಕಳ ಕೈ ಹಿಡಿದು ಹೊರಟರು. ಟ್ಯಾಲಿಯಲ್ಲಿ ಲೆಕ್ಕ ಬರೆದು ಸಂಸಾರ ತೂಗಿಸುವವರು. ಕಂಪ್ಯೂಟರೂ ಬ್ಯಾಕಪ್ ಡಿಸ್ಕೂ ಒಂದೇ ಮೇಜಿನ ಮೇಲಿದ್ದವು, ಎರಡೂ ಕೆಸರಾದವು. ಈಗ ಅವರು ಎರಡು ಡಿಸ್ಕ್ ಇಟ್ಟಿದ್ದಾರೆ. ಒಂದು ಜಗಳೂರಿನಲ್ಲಿರುವ ತಂಗಿಯ ಮನೆಯ ಬೀರುವಿನಲ್ಲಿರುತ್ತದೆ. ಹಬ್ಬಕ್ಕೋ ಹರಿದಿನಕ್ಕೋ ತಂಗಿ ಬಂದಾಗ ಅದು ಬರುತ್ತದೆ, ಹೊಸ ನಕಲು ತುಂಬಿದ ಇನ್ನೊಂದು ಅವಳ ಜೊತೆ ಹೋಗುತ್ತದೆ. ಮಳೆಗೆ ಬಾಯಿಬಿಡುವ ಜಗಳೂರಿನ ಸೀಮೆ ಹೊನ್ನಾಳಿಯ ಲೆಕ್ಕಪತ್ರಕ್ಕೆ ಕಾವಲಾಗಿದೆ. ನನಗೆ ಬಹಳ ಹಿಡಿಸಿದ ಏರ್ಪಾಡು ಇದು.

ನಕಲು ಮಾಡಿಟ್ಟುಕೊಳ್ಳುವುದು ನಮ್ಮ ಕಡೆಗೆ ಹೊಸದೂ ಅಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟ ಅಚ್ಚಾದದ್ದು 1902ರಲ್ಲಿ. ಆಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು, ಅದು ಬೇರೆ ತಾಲ್ಲೂಕಾದದ್ದು ಇತ್ತೀಚೆಗೆ. ಈ ಸೀಮೆಯ ಶಾಸನಗಳು ಆ ಸಂಪುಟದಲ್ಲಿವೆ. ಜಗಳೂರಿನವು ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟದಲ್ಲಿವೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಶಾಸನದ ಅಚ್ಚು ತೆಗೆಯುವ ಕೆಲಸ ಅದು. ಆ ಸಂಪುಟಗಳಲ್ಲಿ ಶಾಸನಗಳು ಮೂರು ರೂಪದಲ್ಲಿವೆ: ಕನ್ನಡ ಲಿಪಿಯಲ್ಲಿ ಒಂದು, ರೋಮನ್ ಲಿಪಿಯಲ್ಲಿ ಒಂದು, ಇಂಗ್ಲಿಷ್ ಅನುವಾದ ಒಂದು. ಕಲ್ಲು ಸವೆಯಲಿ, ಬದುವಿನಲ್ಲಿ ಹೂತುಹೋಗಲಿ, ಓದಲು ಒಂದು ನಕಲು ಉಳಿಯುತ್ತದೆ. ನನಗೆ ಇನ್ನೂ ಹೆಚ್ಚಿನದಾಗಿ ಕಾಣುವುದು, ಪ್ರತಿಯೊಂದಕ್ಕೂ ತಾಲ್ಲೂಕಿನ ಹೆಸರು, ನಂಬರು ಇರುವುದು. ನೂರು ವರ್ಷ ಕಳೆದ ಮೇಲೂ ಬೇಕಾದ ಶಾಸನ ನಿಮಿಷದಲ್ಲಿ ಸಿಗುತ್ತದೆ. ನಿನ್ನ ಡಿಸ್ಕ್ ತೆಗೆದರೆ "ನ್ಯೂ ಫೋಲ್ಡರ್", "ನ್ಯೂ ಫೋಲ್ಡರ್ ಎರಡು", "ಫೈನಲ್", "ಫೈನಲ್ ಹೊಸದು" ಎಂದೇ ಇದೆ. ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಊರು, ಮನೆತನ. ಹೀಗೆ ಹೆಸರಿಡು. ಕಷ್ಟ ಬಂದ ದಿನ ಹುಡುಕುವುದು ನೀನಲ್ಲದೆ ಬೇರೆಯವರೂ ಇರಬಹುದು.

ಇಷ್ಟು ಹೇಳಿದ್ದನ್ನು ಬೇರೆಯವರೂ ಹೇಳುತ್ತಾರೆ. ನಾನು ನಿನ್ನನ್ನು ಕೂರಿಸಿಕೊಂಡದ್ದು ಮುಂದಿನ ಮಾತಿಗೆ.

ಜಗಳೂರು ಕಡೆ ನನ್ನ ಮಾವನವರು ಬೇಸಾಯ ಮಾಡುತ್ತಿದ್ದರು. ಬಿತ್ತನೆಗೆ ಎರಡು ವಾರ ಮೊದಲು ಬೀಜದ ಜೋಳದಿಂದ ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಮೂಲೆಯಲ್ಲಿಡುತ್ತಿದ್ದರು. ನಾಲ್ಕೈದು ದಿನ ಬಿಟ್ಟು ಬಿಚ್ಚಿ ಮೊಳಕೆ ಎಣಿಸುವುದು. ತೊಂಬತ್ತು ಬಂದರೆ ಸಮಾಧಾನ, ಅರವತ್ತು ಬಂದರೆ ಬೇರೆ ಬೀಜಕ್ಕೆ ಓಡಾಟ. ಬೂದಿ ಹಾಕಿ, ಬೇವಿನ ಎಲೆ ಹಾಕಿ, ಮಡಕೆಯ ಬಾಯಿ ಮೆತ್ತಿ ಎಷ್ಟೇ ಜೋಪಾನ ಮಾಡಿದ್ದರೂ ಮೊಳಕೆ ನೋಡದೆ ಅವರು ಅದನ್ನು ಬೀಜ ಅನ್ನುತ್ತಿರಲಿಲ್ಲ, ಕಾಳು ಅನ್ನುತ್ತಿದ್ದರು.

ಈ ಮಾತು ನನಗೆ ತಲೆಗೆ ಹೋದದ್ದು ಪೆಟ್ಟು ತಿಂದ ಮೇಲೆ. 2003ರಲ್ಲಿ ಹೊನ್ನಾಳಿ ಕಡೆಯ ಒಬ್ಬ ಮೇಷ್ಟ್ರು ತಮ್ಮ ತಾಯಿಯಿಂದ, ಅತ್ತೆಯರಿಂದ ಕೇಳಿ ಬರೆದುಕೊಂಡ ಸೋಬಾನೆ ಪದಗಳ ನೋಟ್‌ಬುಕ್ಕುಗಳನ್ನು ತಂದರು. ಮೂರು ತಿಂಗಳು ಕೂತು ಟೈಪ್ ಮಾಡಿದೆ. ದುಡ್ಡು ಸಾಲದೆ ಪುಸ್ತಕ ಅಚ್ಚಾಗಲಿಲ್ಲ. ಎರಡು ಸಿಡಿಗೆ ಹಾಕಿ, ಒಂದು ಅವರಿಗೆ ಕೊಟ್ಟು, ಒಂದು ನಾನಿಟ್ಟುಕೊಂಡೆ. ಹನ್ನೆರಡು ವರ್ಷದ ಮೇಲೆ ಅವರ ಮಗಳು ಬಂದಳು. ಅಪ್ಪ ಹೋಗಿದ್ದರು, ನೋಟ್‌ಬುಕ್ಕುಗಳಿಗೆ ಗೆದ್ದಲು ಹಿಡಿದಿತ್ತು. ಅವರ ಸಿಡಿ ಹಾಕಿದರೆ ಕಂಪ್ಯೂಟರ್ ಗೊರ ಗೊರ ಸದ್ದು ಮಾಡಿ ಸುಮ್ಮನಾಯಿತು. ನನ್ನದು ತೆರೆಯಿತು. ಫೈಲುಗಳೂ ಇದ್ದವು. ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಟೋಪಿ ಹಾಕಿದ ಎ, ಕೊಂಬು ಮೂಡಿದ ಪಿ, ಚುಕ್ಕಿ, ಬಾಲ, ಪುಟಗಟ್ಟಲೆ ಅದೇ. ಆ ಹುಡುಗಿ ನನ್ನ ಮುಖ ನೋಡಿದಳು. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ಆಗಿದ್ದೇನೆಂದರೆ, ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ನಾನು ಫೈಲ್ ಇಟ್ಟಿದ್ದೆ, ಫಾಂಟ್ ಇಟ್ಟಿರಲಿಲ್ಲ. ಪುಟ ಕಟ್ಟಿದ್ದ ಸಾಫ್ಟ್‌ವೇರ್ ಹೊಸ ವಿಂಡೋಸಿನಲ್ಲಿ ಓಡಲಿಲ್ಲ. ದಾವಣಗೆರೆಯ ಒಬ್ಬರ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರಿನಿಂದ ಫಾಂಟ್ ತಂದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಇದೆ, ಅದರಿಂದ ಬಹುಪಾಲು ಬಂತು. ಅರ್ಕಾವತ್ತು, ಕೆಲವು ಒತ್ತಕ್ಷರ ಜಾಗ ತಪ್ಪಿದ್ದವು. ಅವಳು ಓದುತ್ತಾ, ನಾನು ತಿದ್ದುತ್ತಾ ಎಂಟು ದಿನ ಕೂತೆವು. ಎರಡು ಹಾಡಿನ ಕೊನೆ ಹೋಗಿಯೇ ಹೋಯಿತು. ಅದನ್ನು ಹಾಡುವವರು ಅವರ ಮನೆಯಲ್ಲಿ ಈಗ ಯಾರೂ ಇಲ್ಲ.

ಅದಕ್ಕೇ ಕೇಳುತ್ತೇನೆ: ಬ್ಯಾಕಪ್ ಮಾಡಿದೆಯಾ ಅಂತಲ್ಲ, ತಿರುಗಿ ತೆಗೆದು ನೋಡಿದೆಯಾ ಅಂತ. ನಿನ್ನ ಕಂಪ್ಯೂಟರಿನಲ್ಲಲ್ಲ, ಬೇರೆ ಕಂಪ್ಯೂಟರಿನಲ್ಲಿ. ನಿನ್ನದರಲ್ಲಿ ಫಾಂಟೂ ಇದೆ, ಸಾಫ್ಟ್‌ವೇರೂ ಇದೆ, ಪಾಸ್‌ವರ್ಡೂ ಕೂತಿದೆ, ಎಲ್ಲ ತೆರೆಯುತ್ತದೆ. ಅತ್ತಿಗೆಯ ಹಳೆಯ ಲ್ಯಾಪ್‌ಟಾಪ್ ತಗೋ, ಡಿಸ್ಕ್ ಚುಚ್ಚು, ಕಣ್ಣು ಮುಚ್ಚಿ ಐದು ಫೈಲ್ ಆರಿಸು, ತೆರೆ. ಫೋಟೊ ಪೂರ್ತಿ ಬಂತಾ, ಅರ್ಧಕ್ಕೆ ಬೂದು ಪಟ್ಟಿ ಬಂತಾ ನೋಡು. ವಿಡಿಯೊ ಆದರೆ ಕೊನೆಯ ನಿಮಿಷಕ್ಕೆ ಎಳೆದು ನೋಡು. ಬರಹವಾದರೆ ಯೂನಿಕೋಡ್‌ನಲ್ಲಿ ಒಂದು, ಪಿಡಿಎಫ್ ಒಂದು, ಹಳೆಯದಾದರೆ ಅದರ ಫಾಂಟನ್ನೂ ಜೊತೆಗೆ ಇಡು.

ಟ್ಯಾಲಿ ಬರೆಯುವವರು ಇಲ್ಲಿ ಜೋಪಾನ. ಪರೀಕ್ಷೆಗೆಂದು ಹಳೆಯ ಬ್ಯಾಕಪ್ಪನ್ನು ಈಗಿನ ಡೇಟಾ ಇರುವ ಫೋಲ್ಡರಿಗೇ ರಿಸ್ಟೋರ್ ಮಾಡಿದರೆ ಹಳೆಯದು ಹೊಸದರ ಮೇಲೆ ಕೂತುಬಿಡುತ್ತದೆ. ಅಡಿಕೆ ಸೀಸನ್ನಿನ ಎರಡು ತಿಂಗಳ ಎಂಟ್ರಿ ಹೀಗೆ ಒಂದೇ ಒತ್ತಿಗೆ ಹೋದದ್ದನ್ನು ನೋಡಿದ್ದೇನೆ. ಬೇರೆ ಹೆಸರಿನ ಖಾಲಿ ಫೋಲ್ಡರ್ ಮಾಡಿ ಅಲ್ಲಿಗೆ ರಿಸ್ಟೋರ್ ಮಾಡು, ಕೊನೆಯ ವೋಚರ್ ತಾರೀಖು ನೋಡು, ಶಿಲ್ಕು ತಾಳೆ ನೋಡು.

ತಪ್ಪಿ ಏನಾದರೂ ಡಿಲೀಟ್ ಆದರೆ ಆ ಕ್ಷಣವೇ ಕೈ ತೆಗೆ. ತಿರುಗುವ ಡಿಸ್ಕಿನಲ್ಲಿ ಅಳಿಸಿದ್ದು ತಕ್ಷಣ ಹೋಗುವುದಿಲ್ಲ, ಆ ಜಾಗದ ಮೇಲೆ ಬೇರೆಯದು ಬಂದು ಕೂರುವ ತನಕ ಇರುತ್ತದೆ. ಹುಡುಕುವ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇಳಿಸಿಕೊಂಡು ಕಳೆದದ್ದನ್ನು ತಾವೇ ತುಳಿದವರಿದ್ದಾರೆ. ಈಗಿನ ಎಸ್‌ಎಸ್‌ಡಿಯಲ್ಲಿ ಆ ಕಾಲಾವಕಾಶವೂ ಬಹುತೇಕ ಇಲ್ಲ. ಖಾಲಿಯಾದ ಜಾಗವನ್ನು ಅದು ತಾನೇ ಒರೆಸಿಕೊಳ್ಳುತ್ತದೆ.

ಇನ್ನೊಂದು, ನಕಲು ಮುಗಿದ ಮೇಲೆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಎತ್ತಿಡು. 2017ರ ಮೇ 12ರಂದು ಹರಡತೊಡಗಿದ ವನ್ನಾಕ್ರೈ ಎಂಬ ವೈರಸ್ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅಂಥವು ಚುಚ್ಚಿಕೊಂಡೇ ಇರುವ ಬ್ಯಾಕಪ್ ಡಿಸ್ಕಿಗೂ ಬೀಗ ಹಾಕುತ್ತವೆ. ಬೀರುವಿನಲ್ಲಿ ಮಲಗಿದ ಡಿಸ್ಕನ್ನು ಅವು ಮುಟ್ಟಲಾರವು.

ಯಾವಾಗ ಮಾಡಲಿ ಅನ್ನುತ್ತೀಯಾ? ಹೇಗೂ ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುತ್ತೀಯಲ್ಲ. ಕಂಪ್ಯೂಟರಿಗೆ ಕುಂಕುಮ ಹಚ್ಚುವ ಮೊದಲು ಡಿಸ್ಕ್ ಚುಚ್ಚು. ಮಂಗಳಾರತಿ ಮುಗಿಯುವಷ್ಟರಲ್ಲಿ ತಿಂಗಳ ಕೆಲಸ ನಕಲಾಗಿರುತ್ತದೆ. ಊದುಬತ್ತಿ ಆರುವ ತನಕ ಕೂತು ಐದು ಫೈಲ್ ತೆರೆದು ನೋಡು. ದಿನವೂ ಲೆಕ್ಕ ಬರೆಯುವವಳಾದರೆ ನಿನಗೆ ತಿಂಗಳು ಸಾಲದು ತಾಯಿ, ಸಂಜೆ ಬಾಗಿಲು ಹಾಕುವ ಮುಂಚೆ ಮಾಡು.

ನ್ಯಾಮತಿಯ ಹುಡುಗನ ಡಿಸ್ಕ್ ಬೆಂಗಳೂರಿಗೆ ಹೋಗಿದೆ, ಉತ್ತರ ಬಂದಿಲ್ಲ. ಅಷ್ಟರಲ್ಲಿ ಅವನಿಗೆ ಒಂದು ಕೆಲಸ ಹೇಳಿದೆ. ಆಲ್ಬಮ್ ಜೊತೆ ಪೆನ್‌ಡ್ರೈವ್‌ನಲ್ಲಿ ಫೋಟೊ ಒಯ್ದ ಮನೆಗಳಿರುತ್ತವಲ್ಲ, ಒಂದೊಂದಾಗಿ ಹೋಗಿ ಕೇಳು, ಇದ್ದಷ್ಟನ್ನು ನಕಲು ಮಾಡಿಕೊಂಡು ಬಾ ಎಂದೆ. ನಾಚಿಕೆಯಾಗುತ್ತದೆ ಎಂದ. ಆದರೂ ಹೋದ. ಹದಿನಾಲ್ಕು ಮನೆ ಮುಗಿಸಿದ್ದಾನೆ. ಒಂಬತ್ತು ಕಡೆ ಸಿಕ್ಕಿದೆ. ಮೊನ್ನೆ ರಾತ್ರಿ ಫೋನ್ ಮಾಡಿ, "ದೊಡ್ಡಪ್ಪಾ, ಒಂಬತ್ತನ್ನೂ ಅಕ್ಕನ ಲ್ಯಾಪ್‌ಟಾಪಲ್ಲಿ ತೆಗೆದು ನೋಡಿದೆ. ಎರಡರಲ್ಲಿ ಧಾರೆ ಫೋಟೊ ತೆರೀತಿಲ್ಲ. ನಾಳೆ ಮತ್ತೆ ಆ ಮನೆಗಳಿಗೆ ಹೋಗ್ತೀನಿ" ಎಂದ.