ಬೇಲಿಯಿಲ್ಲದ ಗಡಿ: ಹಿಮ್ಮೆದುಳಿನ ಜೀವಕೋಶಗಳು ಬೆರೆಯದೆ ಇರೋದು ಹೇಗೆ?

ಇವತ್ತು ಹಿಮ್ಮೆದುಳಿನ ಬಗ್ಗೆ ಮಾತಾಡೋಣ. ಉಸಿರಾಟ, ನುಂಗುವುದು, ಮುಖದ ಚಲನೆ ಇವನ್ನೆಲ್ಲ ನಡೆಸುವ ನರಕೋಶಗಳು ಇರೋದು ಇಲ್ಲೇ.

ಕಾವು ಕೊಟ್ಟು ಎರಡು ದಿನವಾದ ಕೋಳಿಮೊಟ್ಟೆಯ ಭ್ರೂಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹಿಮ್ಮೆದುಳು ಮಣಿ ಪೋಣಿಸಿದ ಹಾಗೆ ಸಾಲು ಉಬ್ಬುಗಳಾಗಿ ಕಾಣುತ್ತೆ. ಒಂದೊಂದು ಉಬ್ಬಿಗೂ ರಾಂಬೋಮಿಯರ್ ಅಂತ ಹೆಸರು. ನಾವು ಖಂಡ ಅನ್ನೋಣ. ನಮ್ಮ ಭ್ರೂಣದಲ್ಲೂ ಇವು ಕೆಲವು ಕಾಲ ಇದ್ದು ಮರೆಯಾಗುತ್ತವೆ. ಎರಡನೇ ಖಂಡದಿಂದ ಹೊರಡುವ ನರ ದವಡೆಯ ಸ್ನಾಯುಗಳಿಗೆ ಹೋಗುತ್ತೆ, ನಾಲ್ಕನೆಯದರಿಂದ ಹೊರಡುವುದು ಮುಖದ ಸ್ನಾಯುಗಳಿಗೆ. ಹಾಗಾಗಿ ಯಾವ ಕೋಶ ಎಲ್ಲಿರಬೇಕೋ ಅಲ್ಲೇ ಇರಬೇಕು.

1990ರಲ್ಲಿ ಫ್ರೇಸರ್, ಕೀನ್ಸ್, ಲಮ್ಸ್‌ಡೆನ್ ಎಂಬ ವಿಜ್ಞಾನಿಗಳು ಕೋಳಿ ಭ್ರೂಣದ ಒಂದೊಂದೇ ಕೋಶಕ್ಕೆ ಬಣ್ಣ ತುಂಬಿ, ಅದರ ಸಂತತಿ ಎಲ್ಲಿ ಹರಡುತ್ತೆ ಅಂತ ನೋಡಿದರು. ಗಡಿ ಮೂಡಿದ ಮೇಲೆ ಕೋಶಗಳು ತಮ್ಮ ಖಂಡದೊಳಗೆ ಓಡಾಡಿದವು, ಪಕ್ಕದ ಖಂಡಕ್ಕೆ ಹೆಚ್ಚುಕಡಿಮೆ ಹೋಗಲೇ ಇಲ್ಲ. ಮುಂದಿನ ವರ್ಷ ಗಥ್ರಿ ಮತ್ತು ಲಮ್ಸ್‌ಡೆನ್ ಗಡಿಯನ್ನೇ ಕತ್ತರಿಸಿ ತೆಗೆದರು. ಅದು ಮತ್ತೆ ಮೂಡಿತು! ಆದರೆ ಮೂರನೇ ಖಂಡವನ್ನು ಐದನೆಯದಕ್ಕೆ ತಾಗಿಸಿಟ್ಟಾಗ ಗಡಿ ಮೂಡಲಿಲ್ಲ. ಸಮಸಂಖ್ಯೆಯ ಖಂಡಕ್ಕೆ ಬೆಸಸಂಖ್ಯೆಯದು ತಾಗಬೇಕು, ಆಗಲೇ ಗಡಿ.

ಏನಿದು ಸಮ-ಬೆಸದ ಲೆಕ್ಕ? ಮೂರು ಮತ್ತು ಐದನೇ ಖಂಡದ ಕೋಶಗಳ ಮೇಲ್ಮೈಯಲ್ಲಿ ಎಫ್-ಎ4 ಎಂಬ ಗ್ರಾಹಕ ಪ್ರೋಟೀನ್ ಇರುತ್ತೆ. ಎರಡು, ನಾಲ್ಕು, ಆರರಲ್ಲಿ ಅದಕ್ಕೆ ಜೋಡಿಯಾಗುವ ಎಫ್ರಿನ್-ಬಿ ಇರುತ್ತೆ. ಎರಡೂ ಕೋಶದ ಪೊರೆಗೆ ಅಂಟಿಕೊಂಡಿರೋದರಿಂದ, ಕೋಶಗಳು ಪರಸ್ಪರ ಮುಟ್ಟಿದಾಗ ಮಾತ್ರ ಸಂಕೇತ ಹುಟ್ಟುತ್ತೆ. ಅದು ಎರಡೂ ಕಡೆಗೆ ಹೋಗುತ್ತೆ, ಒಳಗಿನ ಆಕ್ಟಿನ್ ಎಳೆಗಳು ಮರುಜೋಡಣೆಯಾಗಿ ಕೋಶಗಳು ಹಿಂದೆ ಸರಿಯುತ್ತವೆ. ಬಿಸಿ ಪಾತ್ರೆ ಮುಟ್ಟಿದ ಕೈ ಹಿಂದೆ ಬರುತ್ತಲ್ಲ, ಹಾಗೆ.

1999ರಲ್ಲಿ ವಿಲ್ಕಿನ್ಸನ್ ತಂಡ ಜೀಬ್ರಾಮೀನಿನ ಭ್ರೂಣದಲ್ಲಿ ಕೆಲವೇ ಕೋಶಗಳಲ್ಲಿ ಈ ಸಂಕೇತವನ್ನು ಚಾಲೂ ಮಾಡಿತು. ಅವು ನೆರೆಯ ಕೋಶಗಳಿಂದ ಬೇರ್ಪಟ್ಟು ಖಂಡದ ಅಂಚಿಗೆ ಹೋಗಿ ಸೇರಿಕೊಂಡವು.

ಇದು ಬರೀ ಮೀನು, ಕೋಳಿಯ ವಿಷಯ ಅಲ್ಲ. ಕ್ರೇನಿಯೋಫ್ರಂಟೋನೇಸಲ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯಲ್ಲಿ ಕಣ್ಣುಗಳು ದೂರದೂರ ಇರುತ್ತವೆ, ತಲೆಬುರುಡೆಯ ಕೀಲು ಬೇಗನೆ ಬೆಸೆದುಕೊಳ್ಳುತ್ತೆ. ಕಾರಣ, ಎಕ್ಸ್ ಕ್ರೋಮೋಸೋಮಿನಲ್ಲಿರುವ ಎಫ್ರಿನ್-ಬಿ1 ಜೀನ್‌ನ ದೋಷ. ಇಂಥ ದೋಷಗಳು ಸಾಮಾನ್ಯವಾಗಿ ಗಂಡುಮಕ್ಕಳನ್ನೇ ಹೆಚ್ಚು ಕಾಡುತ್ತವೆ. ಇಲ್ಲಿ ಉಲ್ಟಾ: ಹೆಣ್ಣುಮಕ್ಕಳಿಗೇ ತೊಂದರೆ ಜಾಸ್ತಿ. ಯಾಕಂದ್ರೆ ಹೆಣ್ಣುಮಕ್ಕಳ ಒಂದೊಂದು ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮೌನವಾಗುತ್ತೆ. ಕೆಲವು ಕೋಶಗಳಲ್ಲಿ ಎಫ್ರಿನ್ ಸರಿ ಇರುತ್ತೆ, ಕೆಲವುಗಳಲ್ಲಿ ಇರಲ್ಲ. ಬೇಡದ ಕಡೆ ಅವು ಗುಂಪುಗಳಾಗಿ ಬೇರ್ಪಡುತ್ತವೆ. ಗಂಡುಮಕ್ಕಳ ಎಲ್ಲ ಕೋಶಗಳಲ್ಲೂ ಒಂದೇ ದೋಷ, ಆದ್ದರಿಂದ ವ್ಯತ್ಯಾಸವೇ ಇಲ್ಲ. ಕೆಲವೇ ಕೋಶಗಳಲ್ಲಿ ದೋಷವಿರುವ ಹುಡುಗರಿಗೆ ಮಾತ್ರ ಕಾಯಿಲೆ ತೀವ್ರವಾಗಿರುತ್ತೆ.

ಅಂದರೆ, ಗಡಿ ಹುಟ್ಟೋದು ಒಂದು ಪ್ರೋಟೀನ್ ಇದೆಯೋ ಇಲ್ಲವೋ ಅನ್ನೋದರಿಂದಷ್ಟೇ ಅಲ್ಲ. ಪಕ್ಕದ ಕೋಶಕ್ಕೂ ತನಗೂ ಏನು ವ್ಯತ್ಯಾಸ ಅನ್ನೋದರಿಂದ. ಮುಂದಿನ ಸಂಚಿಕೆಯಲ್ಲಿ ಸಿಗೋಣ.